ಏಳಡಿ ಗಾಡಿ, ಹದಿನಾಲ್ಕಡಿ ತೊಲೆ

ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಅಲ್ಲೊಂದು ಪಿಕಪ್ ಗಾಡಿಯೂ ಇತ್ತು. ನಗಬೇಡಿ ಮಕ್ಕಳೇ. ರಾಜರ ಕಾಲದಲ್ಲಿ ಪಿಕಪ್ ಎಲ್ಲಿತ್ತು ಅಂತ ಕೇಳಬೇಡಿ. ನನಗೆ ಓಡಿಸೋಕೆ ಬರೋದು ಅದೊಂದೇ. ಆನೆ ಕೊಟ್ಟರೆ ಕಥೆ ಅಲ್ಲಿಗೇ ನಿಲ್ಲುತ್ತೆ.

ಗಾಡಿಯವನ ಹೆಸರು ಕಾಳೀರಯ್ಯ. ನನ್ನ ಹೆಸರೂ ಅದೇ. ಆದರೂ ‘ಅವನು’ ಅಂತಲೇ ಹೇಳ್ತೀನಿ. ನಾಚಿಕೆ ಸ್ವಲ್ಪ ಕಡಿಮೆಯಾಗುತ್ತೆ.

ಅವನಿಗೊಬ್ಬಳು ಹೆಂಡತಿ, ಸಣ್ಣತಾಯಮ್ಮ. ಅವಳು ಈಗಿಲ್ಲ. ಕಥೆಯಲ್ಲಿ ಇದ್ದಾಳೆ. ಅದಕ್ಕೇ ಈ ಕಥೆ ಹೇಳೋದು.

ರಾಜ ಅನ್ನಛತ್ರ ಕಟ್ಟಿಸುತ್ತಿದ್ದ. ಚಾವಣಿಗೆ ನಾಲ್ಕು ತೊಲೆ ಬೇಕು. ಒಂದೊಂದೂ ಹದಿನಾಲ್ಕಡಿ. ಕಾಳೀರಯ್ಯನ ಗಾಡಿಯ ತೊಟ್ಟಿ ಏಳೇ ಅಡಿ.

“ತರ್ತೀಯೇನಯ್ಯ?” ಅಂದ ರಾಜ.

“ಕಣ್ಣು ಮುಚ್ಕೊಂಡು ತರ್ತೀನಿ ಬುದ್ಧಿ.”

ಹಾಗೇ ತಂದ.

ಮೊದಲನೇ ದಿನ ಗಾಡಿಯ ಮೂತಿಗೆ ಅರಿಶಿನ ಕುಂಕುಮ ಬಳಿದ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ತೊಲೆಗೆ ಹಗ್ಗ ಕಟ್ಟಲಿಲ್ಲ.

“ನಿಂಬೆಹಣ್ಣಿಗೆ ದಾರ ಸಿಕ್ತು, ತೊಲೆಗೆ ಹಗ್ಗ ಸಿಗಲಿಲ್ವಾ?” ಅಂದಳು ಸಣ್ಣತಾಯಮ್ಮ.

“ಸುಮ್ನಿರು, ನಿಂಗೇನು ಗೊತ್ತು.”

ದಿಬ್ಬ ಹತ್ತುವಾಗ ತೊಲೆ ಜಾರಿ ರಸ್ತೆಯಲ್ಲೇ ಮಲಗಿತು. ಗಾಡಿ ಹಗುರಾಯಿತು. ಇಂಜಿನ್ನು ಇವತ್ತು ಚೆನ್ನಾಗಿ ಎಳೀತಿದೆ ಅಂದುಕೊಂಡು ಅರಮನೆವರೆಗೂ ಖಾಲಿ ಗಾಡಿ ಓಡಿಸಿದ.

“ತೊಲೆ ಎಲ್ಲಯ್ಯ?”

“ದಿಬ್ಬದ ತಪ್ಪು ಬುದ್ಧಿ.”

ಎರಡನೇ ದಿನ ಹಗ್ಗ ಕಟ್ಟಿದ. ಹೊರಗೆ ಚಾಚಿದ ತುದಿ ಕುಣಿಯಿತು. ಕುಣಿಯಬಾರದು ಅಂತ ಅದರ ಮೇಲೆ ಇಬ್ಬರು ಹಮಾಲರನ್ನು ಕೂರಿಸಿದ.

“ಮುಂದಿನ ಚಕ್ರ ಮೇಲಕ್ಕೆ ಏಳುತ್ತೆ ಕಣ್ರೀ,” ಅಂದಳು ಸಣ್ಣತಾಯಮ್ಮ.

“ಸುಮ್ನಿರು, ನಿಂಗೇನು ಗೊತ್ತು.”

ಎದ್ದೇ ಬಿಟ್ಟಿತು. ಸ್ಟೇರಿಂಗ್ ಎತ್ತ ತಿರುಗಿಸಿದರೂ ಗಾಡಿ ತನ್ನಿಷ್ಟಕ್ಕೆ ಹೋಯಿತು. ಹೋಗಿ ಕೆರೆಯ ಕೆಸರಿನಲ್ಲಿ ನಿಂತಿತು. ಹಮಾಲರು ಕೆಸರಿನಿಂದ ಎದ್ದು ಬೈದದ್ದನ್ನು ನಿಮ್ಮ ಮುಂದೆ ಹೇಳಬಾರದು.

“ಇವತ್ತು ಯಾರ ತಪ್ಪಯ್ಯ?”

“ಹಮಾಲರದು ಬುದ್ಧಿ. ಇಬ್ಬರೂ ದಪ್ಪ.”

ಮೂರನೇ ದಿನ ಯಾರನ್ನೂ ಕೂರಿಸಲಿಲ್ಲ.

“ತುದಿಗೊಂದು ಕೆಂಪು ಬಟ್ಟೆ ಕಟ್ಟಿ. ತಿರುವಿನಲ್ಲಿ ನಿಧಾನ. ಹಿಂದೆ ನೋಡ್ಕೊಳ್ಳಿ,” ಅಂದಳು ಸಣ್ಣತಾಯಮ್ಮ.

“ಹದಿನಾಲ್ಕಡಿ ತೊಲೆ ಕಾಣದೇ ಇರೋಕೆ ಅದೇನು ಸೂಜಿಯಾ?”

ಪೇಟೆಯ ಮೂಲೆಯಲ್ಲಿ ಕುಂಬಾರರ ದೇವೀರಕ್ಕ ಮಡಕೆ ಜೋಡಿಸಿ ಕೂತಿದ್ದಳು. ಅವಳಿಗಿದ್ದದ್ದು ಆ ಮೂಲೆ ಒಂದೇ. ಅವಳ ಅಜ್ಜಿಯೂ ಅಲ್ಲೇ ಕೂತು ಮಾರಿದವಳು. ಇವನು ಜೋರಾಗಿ ಬಂದು ಎಡಕ್ಕೆ ತಿರುಗಿಸಿದ. ಗಾಡಿಯ ಮೂತಿ ಎಡಕ್ಕೆ ಹೋಯಿತು. ತೊಲೆಯ ತುದಿ ಬಲಕ್ಕೆ ಬೀಸಿತು. ನಲವತ್ತು ಮಡಕೆ, ಒಂದೇ ಏಟು.

ದೇವೀರಕ್ಕ ಅವನ ರಟ್ಟೆ ಹಿಡಿದು ರಾಜನ ಮುಂದೆ ನಿಲ್ಲಿಸಿದಳು. ಸಣ್ಣತಾಯಮ್ಮನೂ ಹಿಂದೆಯೇ ಬಂದಳು.

“ಚಕ್ರದ ಗುರುತು ನೋಡಿ ಬುದ್ಧಿ,” ಅಂದ ಕಾಳೀರಯ್ಯ. “ನನ್ನ ಏಳಡಿ ಗಾಡಿ ದಾರಿ ಬಿಟ್ಟು ಒಂದು ಬೆರಳೂ ಆಚೆ ಹೋಗಿಲ್ಲ. ಹೊರಗೆ ಬೀಸಿದ್ದು ತೊಲೆ. ತೊಲೆ ಅರಮನೆಯದು.”

ರಾಜ ಗಡ್ಡ ಕೆರೆದುಕೊಂಡ. “ಅರಮನೆ ತೊಲೆ ತಪ್ಪು ಮಾಡೋದುಂಟೆ? ಹಾಗಾದರೆ ಮಡಕೆಯದೇ ತಪ್ಪು. ದೇವೀರಕ್ಕ ನಾಳೆಯಿಂದ ಆ ಮೂಲೆ ಬಿಡಲಿ.”

“ಇನ್ನು ನಾನೆಲ್ಲಿ ಕೂರಲಿ ಬುದ್ಧಿ?” ಅಂದಳು ದೇವೀರಕ್ಕ. ಇವನು ಮೀಸೆ ತೀಡಿದ. ಹೌದು, ತೀಡಿದೆ.

ಆಗ ಸಣ್ಣತಾಯಮ್ಮ ಮುಂದೆ ಬಂದಳು. “ಬುದ್ಧಿ, ನಮ್ಮ ಯಜಮಾನ್ರು ದಣಿದಿದ್ದಾರೆ. ಒಂದು ಗಳಿಗೆ ಮಲಗಲಿ. ಚಿಕ್ಕ ರಾಜಕುಮಾರನ ಮಂಚ ತರಿಸಿ.”

ಮಂಚ ಬಂತು. ಅರಮನೆಯ ಮಂಚ ಅಂತ ಅವನಿಗೆ ಹೆಮ್ಮೆ. ಉದ್ದಕ್ಕೆ ಮಲಗಿದ. ಮೊಣಕಾಲಿನಿಂದ ಕೆಳಗಿನದೆಲ್ಲ ಹೊರಗೆ ಚಾಚಿತು. ಸಣ್ಣತಾಯಮ್ಮ ಅಡುಗೆಮನೆಯಿಂದ ಒರಳಿನ ಗುಂಡು ತಂದಳು.

“ದೇವೀರಕ್ಕ, ಒಂದು ಕೈ ಹಿಡಿಯವ್ವ. ಇದನ್ನ ಇಲ್ಲಿಡೋಣ.”

“ಅಯ್ಯಯ್ಯೋ, ನನ್ನ ಕಾಲು ಕಣೇ!”

“ನಿಮ್ದು ಹೆಂಗಾಯ್ತದೆ? ಮಂಚದಿಂದ ಆಚೆ ಇರೋದು ಯಾರದೋ ಏನೋ.”

ಇಟ್ಟೇ ಬಿಟ್ಟರು.

“ನಂದೇ! ಹೊರಗಿರೋದೂ ನಂದೇ!”

“ತೊಲೆ?” ಅಂದ ರಾಜ.

“ಅದರ ತಪ್ಪೂ ನಂದೇ ಬುದ್ಧಿ! ದಿಬ್ಬದ್ದೂ ನಂದೇ, ಹಮಾಲರದ್ದೂ ನಂದೇ! ಗುಂಡು ತೆಗೀರಿ!”

ಸಭೆಯೆಲ್ಲ ನಕ್ಕಿತು. ರಾಜ ತನ್ನ ಮಾತು ತಾನೇ ಹಿಂದಕ್ಕೆ ತೆಗೆದುಕೊಂಡ. “ದೇವೀರಕ್ಕನ ಮೂಲೆ ದೇವೀರಕ್ಕನಿಗೇ. ನೀನು ನಲವತ್ತು ಮಡಕೆ ಆಗೋವರೆಗೂ ಅವಳ ಮಣ್ಣು ತುಳಿ.”

ತುಳಿದ. ದಿನವೂ ದೇವೀರಕ್ಕ, “ಮೆತ್ತಗೆ ತುಳಿಯಪ್ಪ, ಇದು ಬ್ರೇಕಲ್ಲ,” ಅನ್ನುತ್ತಿದ್ದಳು.

ನಾಲ್ಕನೇ ತೊಲೆಯನ್ನು ಸಣ್ಣತಾಯಮ್ಮ ಹೇಳಿದ ಹಾಗೆ ಹೇರಿದ. ದಪ್ಪ ಬುಡವನ್ನು ಮುಂದಕ್ಕೆ ತಂದು ಕ್ಯಾಬಿನ್ ಮೇಲಿನ ಕಂಬಿಗೆ ಒರಗಿಸಿದ. ಹಿಂದೆ ಚಾಚುವುದು ಕಡಿಮೆಯಾಯಿತು, ಮುಂದಿನ ಚಕ್ರ ನೆಲ ಕಚ್ಚಿತು. ಎರಡು ಕಡೆ ಬಿಗಿದ. ಜಗ್ಗಿ ನೋಡಿದ. ಅವಳು ತುದಿಗೆ ಕೆಂಪು ಬಟ್ಟೆ ಕಟ್ಟಿದಳು. ಆಮೇಲೆ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಹಿಂದಕ್ಕೇ ನೋಡುತ್ತಾ ಬಂದಳು. ಇವನ ಮುಖ ಒಂದು ಸಲವೂ ನೋಡಲಿಲ್ಲ. ತೊಲೆ ಸುಖವಾಗಿ ತಲುಪಿತು.

ಇದರ ನೀತಿ ಇಷ್ಟು. ಗಾಡಿಯಿಂದ ಆಚೆ ಚಾಚಿದ್ದಕ್ಕೂ ಗಾಡಿಯವನೇ ಹೊಣೆ. ಬಿಗಿಯಾಗಿ ಕಟ್ಟಿ, ನಿಧಾನ ಹೋಗಿ. ಯಾರಿಗಾದರೂ ತಾಗಿದರೆ ‘ನನ್ನ ತಪ್ಪು’ ಅನ್ನಿ. ಹೆಂಡತಿ ಗುಂಡು ತರೋದರೊಳಗೆ ಅನ್ನಿ.