ಈರುಳ್ಳಿ ಸಿಪ್ಪೆಯಷ್ಟು ಬಣ್ಣ

ಹೊನ್ನಾವರದಲ್ಲಿ ಕಲ್ಭಾಗದವರ ಮನೆ ಯಾವುದೆಂದು ಯಾರೂ ಎರಡು ಸಲ ಕೇಳಬೇಕಾಗಿಲ್ಲ. ನನ್ನ ಮುತ್ತಜ್ಜ ಇಲ್ಲಿ ಮುನಸೀಫರಾಗಿದ್ದರು. ಅಜ್ಜ ಹೆಣ್ಣುಮಕ್ಕಳ ಶಾಲೆಗೆ ಜಾಗ ಕೊಟ್ಟರು. ತಂದೆ, ಡಾಕ್ಟರ್ ರಮಾನಂದ ಕಲ್ಭಾಗ, ನಲವತ್ತು ವರ್ಷ ಈ ಊರಿನ ನಾಡಿ ಹಿಡಿದರು. ನಾಲ್ಕು ತಲೆಮಾರಿನಲ್ಲಿ ನಮ್ಮವರ ಮೇಲೆ ಒಂದು ದೂರು ಬಂದದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಹೊಲಿಯಬೇಕೆಂದು ಸಿಸ್ಟರ್‌ಗಳು ನಮಗೆ ಕಲಿಸಿದ್ದರು.

ತಂದೆ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅವರ ಕಪ್ಪು ಫಿಯಟ್ ಕಾರು ಮಾಸಿ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಬರುವ ಭಾನುವಾರ ಅವರ ನೂರನೆಯ ಹುಟ್ಟುಹಬ್ಬ. ಅಂದಿನ ಸಮಾರಂಭಕ್ಕೆ ಕಾರು ಅಜ್ಜ ಜಾಗ ಕೊಟ್ಟ ಶಾಲೆಯ ಬಾಗಿಲಲ್ಲಿ ಹೊಳೆಯುತ್ತಾ ನಿಲ್ಲಬೇಕು. ಅದಕ್ಕೇ ಅದನ್ನು ಜಟ್ಟಪ್ಪ ಮೇಸ್ತ್ರಿಯವರ ಬಳಿಗೆ ಒಯ್ದೆ.

ಶರಾವತಿಯ ದಂಡೆಯಲ್ಲಿ ನಾಲ್ಕು ಕಂಬ, ಒಂದು ತಗಡಿನ ಮಾಡು. ಅದೇ ಮೇಸ್ತ್ರಿಯವರ ಶೆಡ್ಡು. ಕಾರಿಗೆ ಪಾಲಿಶ್ ಮಾಡುವ ಮುದುಕ. ಆದರೆ ಅವರ ಕೈಕೆಳಗೆ ಕಲಿತವರು ಅವರನ್ನು ಗುರುಗಳು ಎನ್ನುತ್ತಾರೆ.

ಆಗ ಅವರಲ್ಲಿ ಒಬ್ಬನೇ ಶಿಷ್ಯನಿದ್ದ. ಕೇಶವ ಆಚಾರಿ, ನಲವತ್ತು ದಾಟಿದವನು, ಬಡಗಿ. ಮರದ ಧೂಳು ಎದೆಗೆ ಆಗದೆಂದು ವೈದ್ಯರು ಹೇಳಿದ ಮೇಲೆ ಉಳಿ ಕೆಳಗಿಟ್ಟು ಇಲ್ಲಿಗೆ ಬಂದಿದ್ದ. ಇದೂ ಕೈಗೆ ಹತ್ತದಿದ್ದರೆ ಮತ್ತೆ ಹೋಗಲು ಜಾಗವಿಲ್ಲ ಎಂದು ಅವನೇ ನನ್ನೆದುರು ಹೇಳಿದ.

ಬೆಳಗಿನ ಮಂಜು ನೀರಿನ ಮೇಲೆ ಮಲಗಿತ್ತು. ಕಾರು ಶೆಡ್ಡಿನ ಮುಂದೆ ಬಯಲಲ್ಲಿ ನಿಂತಿತ್ತು. ಕೇಶವ ಹಲಗೆಯಿಂದ ಉಣ್ಣೆಯ ಪ್ಯಾಡ್ ತೆಗೆದು ಯಂತ್ರಕ್ಕೆ ಸಿಕ್ಕಿಸಿದ.

"ಅದ್ಯಾಕೆ?" ಎಂದರು ಗುರುಗಳು.

"ಒರಟಿನಿಂದ ಶುರು ಮಾಡಿ ನಯಕ್ಕೆ ಬರೋದಲ್ವಾ ಗುರುಗಳೇ? ಉಪ್ಪುಕಾಗದ ಹಂಗೇ ಹಿಡೀತೇವೆ."

"ಮರ ಎಷ್ಟು ದಪ್ಪ?"

"ಒಂದು ಇಂಚು. ಎರಡಿಂಚು."

ಗುರುಗಳು ಒಲೆಯ ಹತ್ತಿರ ಹೋಗಿ, ಒಂದು ಈರುಳ್ಳಿ ತಂದು, ಒಣ ಸಿಪ್ಪೆಯೊಂದನ್ನು ಬಿಡಿಸಿ ಅವನ ಅಂಗೈ ಮೇಲಿಟ್ಟರು.

"ಕಾರಿನ ಬಣ್ಣ ಇಷ್ಟು. ಉಜ್ಜು."

ಕೇಶವ ಬೆರಳಿನಿಂದ ಸವರಿದ. ಸಿಪ್ಪೆ ಪುಡಿಯಾಯಿತು. ನದಿಯ ಗಾಳಿ ಅದನ್ನು ಎತ್ತಿಕೊಂಡು ಹೋಯಿತು.

ಅವನು ಉಣ್ಣೆಯ ಪ್ಯಾಡ್ ಕಳಚಿದ. ಗುರುಗಳು ಮೂರು ಪ್ಯಾಡ್‌ಗಳನ್ನೂ ಒಂದೊಂದಾಗಿ ಅವನ ಕೆನ್ನೆಗೆ ಒತ್ತಿದರು. ಉಣ್ಣೆ. ಗಟ್ಟಿ ಹಳದಿ ಸ್ಪಂಜು. ಮೆತ್ತನೆಯ ಕಪ್ಪು ಸ್ಪಂಜು.

"ಮಲಗಿದ ಮಗೂನ ಯಾವುದರಲ್ಲಿ ಒರೆಸ್ತೀ?"

"ಕಪ್ಪಿನಲ್ಲಿ."

"ಕಪ್ಪಿನಿಂದಲೇ ಶುರು ಮಾಡು. ಸಾಲದು ಅಂತ ಬಣ್ಣವೇ ಹೇಳಿದರೆ ಮಾತ್ರ ಹಳದಿ."

ಕೇಶವ ಬಾನೆಟ್ಟಿನ ಮೇಲೆ ಒಂದು ಗೇಣಿನಷ್ಟು ಜಾಗ ಆರಿಸಿಕೊಂಡ. ಯಂತ್ರ ಜೇನುಹುಳದಂತೆ ಗುನುಗಿತು. ಮಾಸಲು ಸರಿದು ಅಲ್ಲೊಂದು ಕಪ್ಪು ಕೊಳ ತೆರೆಯಿತು. ಅದರೊಳಗೆ ಒಂದು ಬೆಳ್ಳಕ್ಕಿ ಹಾರಿಹೋಯಿತು. ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಆಕಾಶ ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ ಹೋದಾಗ ಕಾರನ್ನು ನಾನು ಗುರುತಿಸಲಿಲ್ಲ. ಅದರ ಬಾಗಿಲಿನ ಹೊಳಪಿನೊಳಗೆ ಶರಾವತಿ ಹರಿಯುತ್ತಿತ್ತು. ತಂದೆ ಈಗ ಒಳಗೆ ಕೂತು ಹಾರ್ನ್ ಒತ್ತುತ್ತಾರೆ ಅನ್ನಿಸಿತು.

ಅಷ್ಟರಲ್ಲಿ ಮಂಜು ಹರಿದು ಓರೆ ಬಿಸಿಲು ಬಿತ್ತು.

ಮೈಯೆಲ್ಲ ಗೀರು. ಜೇಡರ ಬಲೆಯಂಥ ಸಣ್ಣ ಸಣ್ಣ ಸುತ್ತುಗಳು, ಸಾವಿರಾರು.

"ಇದೇನು?" ಎಂದೆ ಕೇಶವನಿಗೆ.

"ನಾನು ಕಪ್ಪು ಸ್ಪಂಜು ಬಿಟ್ಟು ಬೇರೆ ಮುಟ್ಟಲಿಲ್ಲ ಬಾಯಮ್ಮ."

"ಸುಳ್ಳು! ನಾನು ಹೋದ ಮೇಲೆ ಉಣ್ಣೆ ಹಾಕಿದ್ದೀಯ. ಬಡಗಿಯ ಕೈಗೆ ಬಾಗಿಲಿಗೂ ಕಾರಿಗೂ ವ್ಯತ್ಯಾಸ ಎಲ್ಲಿ ತಿಳಿಯಬೇಕು?"

ಅವನು ಕೈಯಲ್ಲಿದ್ದ ಸ್ಪಂಜನ್ನು ಹಲಗೆಯ ಮೇಲಿಟ್ಟು, ಕಂಬಕ್ಕೆ ನೇತುಹಾಕಿದ್ದ ತನ್ನ ಅಂಗಿ ತೆಗೆದುಕೊಂಡ.

"ಮೇಸ್ತ್ರಿಗಳೇ, ಇವನನ್ನು ಇವತ್ತೇ ಕಳಿಸಿ," ಎಂದೆ. "ಇಲ್ಲವಾದರೆ ನಮ್ಮ ಬಳಗದ ಒಂದು ಕಾರೂ ಈ ದಂಡೆಗೆ ಇಳಿಯದ ಹಾಗೆ ನೋಡಿಕೊಳ್ಳುತ್ತೇನೆ."

ಗುರುಗಳು ನದಿಯನ್ನು ನೋಡುತ್ತಿದ್ದರು. ಆಮೇಲೆ ಕಾರಿನ ಕಡೆ ತಿರುಗಿ ಕೇಳಿದರು.

"ಈ ಕಾರನ್ನು ಇಷ್ಟು ವರ್ಷ ಯಾರು ಒರೆಸಿದ್ದು?"

"ನಾನೇ. ದಿನಾ ಬೆಳಿಗ್ಗೆ. ಒಂದು ದಿನವೂ ತಪ್ಪಿಲ್ಲ."

"ಬಟ್ಟೆ?"

ಅದು ಕಾರಿನಲ್ಲೇ ಇತ್ತು. ಮೂಲೆಯಲ್ಲಿ ನಾನೇ ಕಸೂತಿಯಲ್ಲಿ ತಂದೆಯ ಹೆಸರು ಹಾಕಿದ ಬಟ್ಟೆ. ತಂದುಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ಮುಟ್ಟದೆ, ಗಾಳಿಯಲ್ಲೇ ಒರೆಸಿ ತೋರಿಸಿ."

ನಾನು ಬಾಗಿಲಿನ ಮುಂದೆ ನಿಂತು ಕೈಯಾಡಿಸಿದೆ. ಹತ್ತೊಂಬತ್ತು ವರ್ಷದ ಅಭ್ಯಾಸ. ಕೈ ತಾನಾಗಿ ಸುತ್ತಿತು. ಸಣ್ಣ ಸಣ್ಣ ಸುತ್ತು. ನನ್ನ ಕೈಯ ನೆರಳಿನ ಕೆಳಗೆ ಗೀರುಗಳೂ ಹಾಗೇ ಸುತ್ತಿದ್ದವು.

"ಕಾರಿನ ಮಾಡಿನ ನಡುಮಧ್ಯ ನೋಡಿ," ಎಂದರು.

ತುದಿಗಾಲಿನಲ್ಲಿ ನಿಂತು ನೋಡಿದೆ. ನನ್ನ ಕೈ ಎಂದೂ ಎಟುಕದ, ಕೇಶವನ ಯಂತ್ರ ಮಾತ್ರ ಮುಟ್ಟಿದ ಜಾಗ. ಅಲ್ಲಿ ಒಂದು ಗೀರೂ ಇರಲಿಲ್ಲ. ಅಲ್ಲಿ ಆಕಾಶ ಒಡೆಯದೆ ಬಿದ್ದಿತ್ತು.

"ಒಣ ಬಟ್ಟೆ, ರಸ್ತೆಯ ಧೂಳು," ಎಂದರು ಗುರುಗಳು. "ಮಾಸಲಿನ ಕೆಳಗೆ ಕಾಣ್ತಿರಲಿಲ್ಲ. ಇವನು ಮಾಸಲು ತೆಗೆದ."

ದೂರದಲ್ಲಿ ಒಂದು ದೋಣಿ ಸದ್ದಿಲ್ಲದೆ ದಾಟುತ್ತಿತ್ತು. ಅದು ಬಾಗಿಲಿನೊಳಗೂ ದಾಟಿತು, ಗೀರುಗಳ ನಡುವೆ, ಬಲೆಯಲ್ಲಿ ಸಿಕ್ಕ ಹಾಗೆ.

"ಇದು ಹೋಗುತ್ತದೆಯೇ?" ಎಂದೆ.

"ಈಗ ಬಣ್ಣ ಹೇಳಿದೆ. ಹಳದಿ ಸ್ಪಂಜು ಬೇಕು. ಆಮೇಲೆ ಮತ್ತೆ ಕಪ್ಪು. ಒಂದು ದಿನದ ಕೆಲಸ. ಭಾನುವಾರಕ್ಕೆ ಸಿಗ್ತದೆ."

"ಹಾಗಾದರೆ ನೀವೇ ಮಾಡಿ."

"ನನ್ನ ಕೈ ಈಗ ನಡುಗ್ತದೆ. ಮಾಡೋದಾದರೆ ಅವನೇ."

ಕೇಶವ ಅಂಗಿ ತೊಟ್ಟು ದಂಡೆಯ ಮೆಟ್ಟಿಲು ಹತ್ತುತ್ತಿದ್ದ.

"ಕೇಶವಾ, ನಿಲ್ಲು," ಎಂದರು ಗುರುಗಳು. ಅವನು ನಿಂತ, ಆದರೆ ತಿರುಗಲಿಲ್ಲ.

ನಾನು ಅವನ ಬೆನ್ನಿಗೆ ಹೇಳಿದೆ. "ನೋಡು, ಗೀರು ಮೊದಲೇ ಇದೆ ಅಂತ ನೀನು ಬಾಯಿಬಿಟ್ಟು ಹೇಳಿದ್ದರೆ ನಾನು ಹಾಗೆ ಅನ್ನಬೇಕಾಗಿರಲಿಲ್ಲ."

"ಅದು ಉಣ್ಣೆ," ಎಂದರು ಗುರುಗಳು.

ನಾನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದೆ. ತಂದೆಯ ಹೆಸರು ಮೇಲೆ ಬಂತು. "ಆಗಿದ್ದು ಆಗಿಹೋಯಿತು. ಕೆಲಸ ಶುರು ಮಾಡು."

"ಅದು ಹಳದಿ."

ಅವರು ಯಂತ್ರದ ವಯರು ಕಿತ್ತು ಮಡಿಲಲ್ಲಿಟ್ಟುಕೊಂಡು ಕಂಬಕ್ಕೆ ಒರಗಿ ಕೂತರು. ಮಂಜು ಪೂರ್ತಿ ಹರಿದಿತ್ತು. ಕಾರಿನ ಬಾಗಿಲಲ್ಲಿ ನದಿ, ನದಿಯಲ್ಲಿ ನಾನು, ನನ್ನ ಹಿಂದೆ ಮೆಟ್ಟಿಲಿನ ಮೇಲೆ ಬೆನ್ನುಹಾಕಿ ನಿಂತ ಮನುಷ್ಯ.

"ನಮ್ಮ ಮನೆತನದಲ್ಲಿ..." ಎಂದು ಆರಂಭಿಸಿದೆ.

"ಬಾಯಮ್ಮ," ಎಂದರು ಗುರುಗಳು, "ಅವನ ಹತ್ತಿರ ಕ್ಷಮೆ ಕೇಳಿ."