ಮೊರದ ಹಿಂದಿನ ಹುಣಸೆಬೀಜ

ಬನ್ನಿ ಮಕ್ಕಳೇ, ಹತ್ತಿರ ಕೂತುಕೊಳ್ಳಿ. ಗೋಡೆಗೆ ಒರಗಬೇಡಿ, ಒರಗಿದವರು ಕಥೆ ಮುಗಿಯುವ ಮೊದಲೇ ನಿದ್ದೆ ಹೋಗುತ್ತಾರೆ.

ನಂದಿಗಾವಲು ಅಂತ ಒಂದು ರಾಜ್ಯವಿತ್ತು. ಅಲ್ಲಿನ ರಾಜನಿಗೆ ಒಬ್ಬಳೇ ಮಗಳು, ಪದುಮಲೆ. ಒಂಬತ್ತು ವರ್ಷದವಳು, ತಾಯಿಯಿಲ್ಲದ ಮಗು. ಹಲ್ಲಿ ಕಂಡರೆ ಭಯ, ಆನೆ ಕಂಡರೆ ಭಯ, ಗಡ್ಡ ಬಿಟ್ಟವರನ್ನು ಕಂಡರೆ ಭಯ. ರಾಜನಿಗೂ ಗಡ್ಡವಿತ್ತು, ಪಾಪ.

ಅದೇ ಅರಮನೆಯಲ್ಲಿ ಕೆಂಚಜ್ಜಿ ಅಂತ ಒಬ್ಬ ಮುದುಕಿ ಇದ್ದಳು. ಆಟ ಆಡಿಸುವುದೇ ಅವಳ ಕೆಲಸ. ಎಂಥ ಆಟ ಅಂತೀರಾ? ಗುರುವಾರ ಊಟವಾದ ಮೇಲೆ ಎಲ್ಲರೂ ಚಾಪೆ ಹಾಸಿ ಸುತ್ತ ಕೂರಬೇಕು. ಅಜ್ಜಿ ಕಥೆ ಹೇಳುತ್ತಾಳೆ, ಆದರೆ ಕಥೆಯೊಳಗೆ ನಡೆದಾಡುವವರು ಚಾಪೆಯ ಮೇಲೆ ಕೂತವರೇ. ಒಬ್ಬರು ಬಿಲ್ಲುಗಾರ, ಒಬ್ಬರು ಮಂತ್ರವಾದಿ, ಒಬ್ಬರು ಕತ್ತಿಯ ವೀರ. "ಗುಹೆ ಬಂತು. ಒಳಗೆ ರಕ್ಕಸ ಗೊರಕೆ ಹೊಡೀತಾ ಅವ್ನೆ. ಏನ್ ಮಾಡ್ತೀರಿ?" ಅಂತ ಅಜ್ಜಿ ಕೇಳುತ್ತಾಳೆ. ಹೊಡೆಯುತ್ತೇನೆ ಅಂದವರು ತಮ್ಮ ತಮ್ಮ ಚೀಲದ ಐದು ಕವಡೆ ಎಸೆಯಬೇಕು. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಏಟು. ರಕ್ಕಸನ ಜೀವ ಹುಣಸೆಬೀಜದಲ್ಲಿ. ಏಟಿಗೊಂದು ಬೀಜ ತೆಗೆಯುವುದು. ಮೂರು ಸುತ್ತಿನೊಳಗೆ ಬೀಜ ಮುಗಿದರೆ ರಕ್ಕಸ ಸತ್ತ, ಮುಗಿಯದಿದ್ದರೆ ಎಲ್ಲರನ್ನೂ ನುಂಗಿದ. ಕೊನೆಯ ಏಟು ಹೊಡೆದವರಿಗೆ ಅವತ್ತಿನ ಮೊದಲ ಹೋಳಿಗೆ.

ಬೀಜಗಳು ಇರುತ್ತಿದ್ದದ್ದು ಅಜ್ಜಿಯ ಮುಂದೆ ನಿಲ್ಲಿಸಿದ ಮೊರದ ಹಿಂದೆ. ಆಟಕ್ಕೆ ಎರಡೇ ಕಟ್ಟಳೆ. ಮೊರದ ಹಿಂದೆ ಇಣುಕಬಾರದು. ಒಬ್ಬರ ಕವಡೆಯನ್ನು ಇನ್ನೊಬ್ಬರು ಮುಟ್ಟಬಾರದು.

ಈಗ ಗುಟ್ಟು ಹೇಳುತ್ತೇನೆ. ಮೊರದ ಹಿಂದೆ ಅಜ್ಜಿಯ ಕೈ ಸುಮ್ಮನಿರುತ್ತಿರಲಿಲ್ಲ.

ಮೊದಲ ಗುರುವಾರ ಅಡುಗೆಯ ತಿಪ್ಪಯ್ಯ ರಕ್ಕಸನ ಮುಷ್ಟಿಯಲ್ಲಿ ಸಿಕ್ಕಿಬಿದ್ದ. "ಪದುಮಲೆ, ಓಡಿಹೋಗ್ತೀಯಾ?" ಅಂತ ಅಜ್ಜಿ ಕೇಳಿದಳು. ಹಲ್ಲಿಗೆ ಹೆದರುವ ಹುಡುಗಿ ಎದ್ದು ನಿಂತಳು. "ಓಡಲ್ಲ! ತಿಪ್ಪಯ್ಯನ್ನ ಬಿಟ್ಟು ನಾನು ಹೋಗಲ್ಲ!" ಕವಡೆ ಎಸೆದಳು. ಬಿದ್ದದ್ದು ಎರಡೇ ಏಟು. ಉಳಿದಿದ್ದ ಬೀಜ ಐದು. ಮೂರು ಬೀಜ ಮೆಲ್ಲಗೆ ಅಜ್ಜಿಯ ಸೆರಗಿನೊಳಗೆ ಹೋದವು. "ಸತ್ತ ಕಣವ್ವಾ ರಕ್ಕಸ!" ಅಂದಳು ಅಜ್ಜಿ. ಅವತ್ತು ಸಂಜೆ ಪದುಮಲೆ ಲಾಯಕ್ಕೆ ಹೋಗಿ ಆನೆಗೆ ಕಬ್ಬು ತಿನ್ನಿಸಿ ಬಂದಳು.

ಎರಡನೆಯ ಗುರುವಾರ ಎಲ್ಲರಿಗೂ ಒಳ್ಳೆಯ ಕವಡೆ ಬಿದ್ದು ರಕ್ಕಸ ಬೇಗನೆ ಸಾಯುವುದರಲ್ಲಿದ್ದ. ಒಲೆಯ ಮೇಲೆ ಹೋಳಿಗೆ ಇನ್ನೂ ಬೆಂದಿರಲಿಲ್ಲ. ಅಜ್ಜಿ ನಾಲ್ಕು ಬೀಜ ಸೇರಿಸಿದಳು.

ಮೂರನೆಯ ಗುರುವಾರ ದಳವಾಯಿ ಬೊಪ್ಪರಸ ಆಟಕ್ಕೆ ಬಂದ. ಎದೆಮಟ್ಟ ಗಡ್ಡ, ಊರಗಲ ಜಂಬ. ಅವನು ಎಸೆದಾಗಲೆಲ್ಲ ಐದಕ್ಕೆ ಐದೂ ಕವಡೆ ಬಾಯಿ ಮೇಲೆ! ಮಿಕ್ಕವರಿಗೂ ಸರದಿ ಸಿಗಲಿ ಅಂತ ಅಜ್ಜಿ ಒಂದು ಹಿಡಿ ಬೀಜ ಸೇರಿಸಿದಳು. ಸಾಯಬೇಕಾದ ರಕ್ಕಸ ಸಾಯದೇ ಇದ್ದಾಗ ದಳವಾಯಿಗೆ ಅನುಮಾನ ಬಂತು. ಎದ್ದವನೇ ಮೊರದ ಹಿಂದೆ ಇಣುಕಿದ. ಅಜ್ಜಿಯ ಕೈ ಬೀಜದ ಮೇಲೇ ಇತ್ತು.

ಊರು ಒಂದಾಗುವ ಹಾಗೆ ಕೂಗಿಕೊಂಡ. ರಾಜ ಓಡಿಬಂದ.

"ಪ್ರಭು, ಇವಳು ಮೋಸಗಾತಿ! ಬೇಕಾದಾಗ ಬೀಜ ಹಾಕ್ತಾಳೆ, ಬೇಕಾದಾಗ ತೆಗೀತಾಳೆ. ರಾಜ್ಯದಿಂದ ಹೊರಗೆ ಹಾಕಿ!"

"ಹೌದೇನಜ್ಜಿ?"

"ಹೌದು ಬುದ್ಧಿ."

ಪದುಮಲೆಯ ಮುಖ ಬಾಡಿತು. "ಹಾಗಾದ್ರೆ ಆ ರಕ್ಕಸನ್ನ ಕೊಂದಿದ್ದು ನಾನಲ್ವಾ ಅಜ್ಜಿ?"

ರಾಜನಿಗೆ ಧೈರ್ಯವಾಗಿ ಉತ್ತರ ಕೊಟ್ಟ ಅಜ್ಜಿ ಆ ಮಗುವಿನ ಮುಂದೆ ತಲೆ ತಗ್ಗಿಸಿದಳು.

ದಳವಾಯಿ ಮೀಸೆ ತಿರುವಿದ. "ಮೊರ ಇಲ್ದೆ ಒಂದಾಟ ಆಡಿಸ್ಲಿ. ರಕ್ಕಸನ್ನ ನಾನು ಕೊಂದ್ರೆ ಇವಳು ಗಡಿ ದಾಟಬೇಕು." ರಾಜ ಒಪ್ಪಿದ.

ಅಜ್ಜಿ ಮೊರ ತೆಗೆದು ಪಕ್ಕಕ್ಕಿಟ್ಟಳು. ಇಪ್ಪತ್ತು ಬೀಜ ಎಲ್ಲರೆದುರಿಗೆ ಸುರಿದಳು. "ಒಂದು ಕಟ್ಟಳೆ ದಳವಾಯಿಗಳು ಮುರಿದ್ರು. ಇನ್ನೊಂದೂ ಹೋಗ್ಲಿ ಬುದ್ಧಿ. ಎಲ್ಲಾರೂ ಅವರವರ ಕವಡೆ ಚೀಲನ ಬಲಗಡೆ ಕೂತೋರಿಗೆ ಕೊಡಿ."

ದಳವಾಯಿಯ ಬಲಗಡೆ ಕೂತಿದ್ದವಳು ಪದುಮಲೆ. ಅವನ ಹಣೆ ಬೆವರಿತು. "ಇದು... ನಮ್ಮ ತಾತನ ಕಾಲದ ಕವಡೆ..."

"ಕೊಡಯ್ಯ," ಅಂದ ರಾಜ.

ದಳವಾಯಿಗೆ ಸಿಕ್ಕಿದ್ದು ತಿಪ್ಪಯ್ಯನ ಇಂಗು ವಾಸನೆಯ ಕವಡೆ. ಮೊದಲ ಸುತ್ತು, ಒಂದೇ ಏಟು. ಎರಡನೆಯ ಸುತ್ತು, ಒಂದೂ ಇಲ್ಲ. ಮೂರನೆಯ ಸುತ್ತು, ಮತ್ತೆ ಒಂದು. ತಿಪ್ಪಯ್ಯ ಸುತ್ತಿಗೊಂದರಂತೆ ಮೂರು ಹೊಡೆದ. ಪದುಮಲೆ ಎಸೆದಳು, ಐದು! ಮತ್ತೆ ಎಸೆದಳು, ಐದು! ಮೂರನೆಯ ಸಲವೂ ಐದೇ! ಒಂದು ಬೀಜವೂ ಉಳಿಯಲಿಲ್ಲ. ರಕ್ಕಸ ಸತ್ತ. ತಿಪ್ಪಯ್ಯ ಬಿಸಿ ಹೋಳಿಗೆ ತಂದು ಅವಳ ಮುಂದಿಟ್ಟ.

ಪದುಮಲೆ ಹೋಳಿಗೆ ಮುಟ್ಟಲಿಲ್ಲ. ಕವಡೆಗಳನ್ನು ಅಂಗೈಯಲ್ಲಿ ಕುಲುಕಿದಳು. ಆಮೇಲೆ ಸೀದಾ ಎದ್ದು ಹೋಗಿ ಆ ದೊಡ್ಡ ಗಡ್ಡದ ಎದುರಿಗೆ ನಿಂತಳು.

"ಇವು ಭಾರ ಇವೆ. ರಕ್ಕಸನ್ನ ಕೊಂದಿದ್ದು ನಾನಲ್ಲ, ನಿಮ್ಮ ಕವಡೆ."

ರಾಜ ಒಂದು ಕವಡೆಯನ್ನು ಕಲ್ಲಿನಿಂದ ಜಜ್ಜಿದ. ಬೆನ್ನಿನೊಳಗೆ ಸೀಸ ತುಂಬಿತ್ತು! ದಳವಾಯಿಯ ಗಡ್ಡವೂ ನಾಚಿಕೆಯಿಂದ ಬಗ್ಗಿತು. "ನೀನು ಕೇಳಿದ ಶಿಕ್ಷೆ ನಿನಗೇ ಇರಲಿ," ಅಂತ ರಾಜ ಗುಡುಗಿದ.

"ಬ್ಯಾಡಿ ಬುದ್ಧಿ," ಅಂದಳು ಅಜ್ಜಿ. "ವರ್ಷಪೂರ್ತಿ ಗುರುವಾರದ ಹೂರಣ ಅವರೇ ರುಬ್ಬಲಿ. ಕೈಗೆ ಒಳ್ಳೇ ಕೆಲಸ ಕಲಿಸಿದಂಗೂ ಆಯ್ತು."

ಆಮೇಲೆ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅವತ್ತು ಮೂರು ಬೀಜ ತೆಗೆದಿದ್ದು ನಾನೇ ತಾಯಿ, ಸುಳ್ಳು ಹೇಳಲ್ಲ. ಆದ್ರೆ ತಿಪ್ಪಯ್ಯನ್ನ ಬಿಟ್ಟು ಓಡದೆ ನಿಂತ್ಕೊಂಡ್ಯಲ್ಲ, ಅದನ್ನ ನಾನು ಮೊರದ ಹಿಂದೆ ಇಟ್ಟಿರ್ಲಿಲ್ಲ. ಅದು ನಿಂದೇ."

ಪದುಮಲೆ ಹೋಳಿಗೆಯನ್ನು ಮುರಿದು ಅರ್ಧ ಅಜ್ಜಿಗೆ ಕೊಟ್ಟಳು. "ಮುಂದಿನ ಗುರುವಾರ ಆಟ ಆಡಿಸೋದು ನಾನು," ಅಂದಳು.

ಆಡಿಸಿದಳು ಕೂಡ. ಮೊರದ ಹಿಂದೆ ಪದುಮಲೆ, ಚಾಪೆಯ ಮೇಲೆ ಕೆಂಚಜ್ಜಿ. ಅಜ್ಜಿಗೆ ಅವತ್ತು ಕವಡೆ ಬೀಳಲೇ ಇಲ್ಲ. ಕೊನೆಯ ಸುತ್ತಿನಲ್ಲೂ ಒಂದೇ ಏಟು. ಇನ್ನೇನು ರಕ್ಕಸ ನುಂಗಬೇಕು, ಮೊರದ ಹಿಂದೆ ಪುಟ್ಟ ಬಳೆಗಳ ಸದ್ದಾಯಿತು.

"ಸತ್ತ ಕಣಜ್ಜಿ ರಕ್ಕಸ!"

ಅಜ್ಜಿಗೆ ಬಳೆಯ ಸದ್ದು ಚೆನ್ನಾಗಿಯೇ ಕೇಳಿಸಿತ್ತು. ಆದರೂ ಕಣ್ಣರಳಿಸಿ, "ಅಯ್ಯೋ, ನಾನು ಕೊಂದ್ನಾ!" ಅಂತ ಕುಣಿದಾಡಿಬಿಟ್ಟಳು.

ಕೇಳಿದಿರಾ ಮಕ್ಕಳೇ? ತಾನೊಬ್ಬನೇ ಗೆಲ್ಲಲಿ ಅಂತ ಮರೆಯಲ್ಲಿ ಆಡಿಸುವ ಕೈ ಕಳ್ಳಗೈ. ಎಲ್ಲರೂ ಆಡಲಿ ಅಂತ ಆಡಿಸುವ ಕೈ ತಾಯಿಯ ಕೈ, ಆದರೆ ಕೇಳಿದಾಗ ನಿಜ ಹೇಳುವ ಧೈರ್ಯವೂ ಅದಕ್ಕೆ ಇರಬೇಕು. ಇದೇ ನೀತಿ.

ಈಗ ಬೇಕಾದರೆ ಗೋಡೆಗೆ ಒರಗಿ.