ಬಾಯಿ ಮೂಸುವ ಕಾನೂನು

"ಮರಿಗಳಿಗೆ ಹಾಲು ಕೊಡೋಕೆ ಮಲಗಿದರೆ ಸಾಕು, ಬಂದುಬಿಡ್ತೀರಿ! ಇವತ್ತೇನು ಗೋಳು?" ಎಂದು ಮಚ್ಚೆ ಎಂಬ ಹೆಣ್ಣುನಾಯಿ ಗುರುಗುಟ್ಟಿತು.

"ಪಕ್ಕದ ಬೀದಿಯವು ನಮ್ಮ ಮೀನಿನ ತಲೆಗಳನ್ನೆಲ್ಲ ತಿಂದು ಹೋದವು, ಮಚ್ಚಕ್ಕ. ಕಾವಲಿಗಿದ್ದವನು ಬೂದ. ಅವನ ಬಾಯಿ ಮೂಸು," ಎಂದವು ಮೀನುಪೇಟೆಯ ನಾಯಿಗಳು.

ಕುರಿಮೂಳೆ ಸಿಗುತ್ತಿದ್ದುದು ಪಕ್ಕದ ಬೀದಿಯಲ್ಲಿ ಮಾತ್ರ. ಹಿಂದಿನ ಕಾವಲುನಾಯಿಗಳು ಅದನ್ನು ತಿಂದು ಅಲ್ಲಿಯವರನ್ನು ಒಳಗೆ ಬಿಡುತ್ತಿದ್ದವು. ಇದನ್ನು ನಿಲ್ಲಿಸುತ್ತೇನೆಂದು ಬೊಗಳಿಯೇ ಬೂದ ಕಾವಲುಗಾರನಾಗಿದ್ದ. ಅನುಮಾನ ಬಂದರೆ ಬಾಯಿ ಮೂಸಬೇಕು, ಕುರಿವಾಸನೆ ಬಂದರೆ ಬೀದಿ ಬಿಡಿಸಬೇಕು ಎಂಬ ಕಾನೂನು ತಂದವನು ಅವನು. ಮೂಸುವ ಕೆಲಸಕ್ಕೆ ಮಚ್ಚೆಯನ್ನು ನೇಮಿಸಿದವನೂ ಅವನೇ.

ಮಚ್ಚೆ ಮೂಸಿತು. "ಕುರಿ. ಓಡಿಸಿ ಇವನನ್ನ."

"ಬೇರೆ ಬೀದಿಗೆ ಕಾಲಿಟ್ಟರೆ ನನ್ನನ್ನು ಸಿಗಿದುಹಾಕ್ತಾರೆ, ಅಕ್ಕ."

"ಕಾನೂನು ನಿಂದೇ ತಾನೇ? ನಡಿ."

ಬೂದ ಬಾಲ ಮಡಚಿಕೊಂಡು ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತು ಕೇಳಿದ: "ನೀನು ಮರಿ ಹಾಕಿದ ದಿನದಿಂದ ದಿನಾ ಒಂದು ಮೂಳೆ ತಂದುಕೊಟ್ಟೆನಲ್ಲ, ಅಕ್ಕ. ಅದು ಮೀನಿನದು ಅಂದುಕೊಂಡೇ ಕಡಿದೆಯಾ?"